ಪಿಸುಕಟ್ಟೆಯವಳ ಉರಿಮೂತ್ರ

ನಮ್ಮ ಊರಿನಲ್ಲಿ ಗುಟ್ಟು ಹೇಳಬೇಕೆಂದರೆ ಕೂಗಬೇಕು. ಗಂಟಲು ಬಿಚ್ಚಿ ಕೂಗಿದ ಮಾತು ಎದುರಿಗೆ ಕೂತವರ ಕಿವಿಗೆ ಬಿದ್ದು ಅಲ್ಲಿಗೇ ಮುಗಿಯುತ್ತದೆ. ಸಾಧಾರಣ ದನಿಯಲ್ಲಿ ಆಡಿದ್ದು ಬೀದಿಯ ಕೊನೆಯವರೆಗೆ ಹೋಗುತ್ತದೆ. ಪಿಸುಗುಟ್ಟಿದ್ದು ಮಾತ್ರ ಊರಿಗೆಲ್ಲ ಕೇಳುತ್ತದೆ. ಗಾಳಿ ಅನುಕೂಲವಾಗಿದ್ದರೆ ಕೆರೆಯಾಚೆ ಇಟ್ಟಿಗೆ ಸುಡುವವರಿಗೂ ಕೇಳುತ್ತದೆ. ಹಾಗಾಗಿ ಹೊಸದಾಗಿ ಮದುವೆಯಾದವರು ಬಾಗಿಲು ಹಾಕಿಕೊಂಡು ಒಬ್ಬರಿಗೊಬ್ಬರು ಕಿರುಚಿಕೊಳ್ಳುತ್ತಾರೆ, ಹಿರಿಯರು ಜಗಲಿಯಲ್ಲಿ ಕೂತು ನೆಮ್ಮದಿಯಿಂದ ಎಲೆ ಅಡಿಕೆ ಮೆಲ್ಲುತ್ತಾರೆ. ತಾಯಂದಿರು ಜೋಗುಳವನ್ನು ಎದೆ ಬಿರಿಯುವಂತೆ ಹಾಡುತ್ತಾರೆ. ಮೆಲ್ಲಗೆ ಹಾಡಿದರೆ ನಡುಮಧ್ಯಾಹ್ನ ಅಂಗಡಿಯವರೆಲ್ಲ ತೂಕಡಿಸುತ್ತಾರೆ ಎಂಬ ದೂರಿದೆ. ಬಸ್ಸಿನಲ್ಲಿ ಹಾದುಹೋಗುವ ಹೊರಗಿನವರಿಗೆ ನಮ್ಮ ಬೀದಿಗಳಲ್ಲಿ ಜನ ಬಾಯಿ ಅಗಲಿಸಿಕೊಂಡು ಸದ್ದಿಲ್ಲದೆ ನಿಂತಂತೆ ಕಾಣುತ್ತದೆಯಂತೆ. ಈ ಊರಿನವರಿಗೆಲ್ಲ ಹಲ್ಲುನೋವೇ ಎಂದು ಯಾರೋ ಕಂಡಕ್ಟರನ್ನು ಕೇಳಿದ್ದರಂತೆ.

ನನ್ನ ಹೆಸರು ನೀಲಾಂಬಿಕೆ. ಊರಿನವರಿಗೆ ಪಿಸುಕಟ್ಟೆ ನೀಲಮ್ಮ. ಪುರಸಭೆಯ ನೀರಿನ ಟ್ಯಾಂಕಿನ ಕೆಳಗೆ ಒಂದು ಕಲ್ಲುಕಟ್ಟೆ ಇದೆ, ಅದರ ಮೇಲೆ ತಗಡಿನ ಸೂರು. ಬೆಳಕು ಹರಿದಾಗಿನಿಂದ ಮಧ್ಯಾಹ್ನ ಇಳಿಯುವ ತನಕ ಅಲ್ಲಿ ಕೂತು ಊರಿಗೆ ಸುದ್ದಿ ಪಿಸುಗುಟ್ಟುವುದು ನನ್ನ ಕೆಲಸ. ಇವತ್ತು ಯಾವ ಬೀದಿಗೆ ನೀರು ಬಿಡುತ್ತಾರೆ, ಯಾರು ತೀರಿಕೊಂಡರು, ಯಾರ ಮೇಕೆ ತಪ್ಪಿಸಿಕೊಂಡಿದೆ, ಪೋಲಿಯೋ ಹನಿ ಎಲ್ಲಿ ಹಾಕುತ್ತಾರೆ, ಎಲ್ಲವೂ ನನ್ನ ಬಾಯಿಂದಲೇ ಹೊರಡಬೇಕು. ನನ್ನ ದನಿ ಕೇಳಿದರೆ ಹಾಲಿನವರು ಸೈಕಲ್ ನಿಲ್ಲಿಸುತ್ತಾರೆ. ಹಸುಗೂಸುಗಳು ಕೂಡ ಅಮ್ಮನ ದನಿಗಿಂತ ಮೊದಲು ನನ್ನ ದನಿ ಗುರುತಿಸುತ್ತವೆ ಎಂದು ಹೊಗಳುವವರಿದ್ದಾರೆ. ಆ ಹೊಗಳಿಕೆ ನನಗೂ ಇಷ್ಟವೇ. ದನಿಗೆ ಮರ್ಯಾದೆ ಬೇಕು ಎಂದು ನಾನು ಯಾವತ್ತೂ ಚಾಡಿಯನ್ನಾಗಲಿ ಹೊಲಸು ಮಾತನ್ನಾಗಲಿ ಮೆಲ್ಲಗೆ ಆಡಿದವಳಲ್ಲ.

ಕಟ್ಟೆಯಲ್ಲಿ ಒಂದೇ ಒಂದು ತೊಂದರೆ. ಅಲ್ಲಿ ಮೂತ್ರಕ್ಕೆ ಹೋಗಲು ಜಾಗವಿಲ್ಲ. ನನಗಿಂತ ಮುಂಚೆ ಆ ಕೆಲಸದಲ್ಲಿದ್ದವರೆಲ್ಲ ಗಂಡಸರು. ಟ್ಯಾಂಕಿನ ಹಿಂದಿನ ಗೋಡೆಗೆ ಹೋಗಿ ಬರುತ್ತಿದ್ದರು. ನಾನು ಸೇರಿದ ಹೊಸತರಲ್ಲಿ ಪುರಸಭೆಯ ಅಧ್ಯಕ್ಷರಾದ ಬಕ್ಕಪ್ಪನವರ ಕೋಣೆಗೆ ಹೋಗಿ, ಅವರ ಕಿವಿಯ ಹತ್ತಿರ ಬಗ್ಗಿ, ಆದಷ್ಟು ಜೋರಾಗಿ ಕೂಗಿ ಕೇಳಿದ್ದೆ. ಅವರು ತಲೆಯಾಡಿಸಿದ್ದರು. ಕೂಗಿ ಕೇಳಿದ ಮಾತಾದ್ದರಿಂದ ಅದು ಅವರ ಕಿವಿಯಲ್ಲೇ ಉಳಿಯಿತು. ಆಮೇಲೆ ನಾನೇ ಒಂದು ದಾರಿ ಕಂಡುಕೊಂಡೆ. ಮನೆ ಬಿಡುವ ಮುಂಚೆ ಅರ್ಧ ಲೋಟ ನೀರು ಕುಡಿಯುವುದು, ಮತ್ತೆ ಮನೆಗೆ ಬಂದ ಮೇಲೆಯೇ ನೀರಿನ ಮುಖ ನೋಡುವುದು. ಊರಿಗೆಲ್ಲ ನೀರಿನ ಸುದ್ದಿ ಹೇಳುವವಳು ನಾನು, ನನ್ನ ನಾಲಿಗೆ ಮಾತ್ರ ಒಣಗಿಕೊಂಡು ಕೂತಿರುತ್ತಿತ್ತು.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಉರಿ ಶುರುವಾಯಿತು. ಮೂತ್ರಕ್ಕೆ ಕೂತರೆ ಒಳಗಿನಿಂದ ಯಾರೋ ಮೆಣಸಿನಕಾಯಿ ಉಜ್ಜಿದ ಹಾಗೆ. ಬರುವುದು ಎರಡು ಹನಿ, ಎದ್ದು ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಹೋಗಬೇಕೆನಿಸುತ್ತಿತ್ತು. ಬಿಸಿಲಿನ ಕಾವು ಇರಬೇಕೆಂದು ಕೆಲಸಕ್ಕೆ ಹೋದೆ. "ಕೋಟೆ ಬೀದಿಗೆ ಈಗ ನೀರು ಬಿಡ್ತಾರೆ, ಆಮೇಲೆ" ಎನ್ನುವಷ್ಟರಲ್ಲಿ ಕೆಳಹೊಟ್ಟೆ ಹಿಂಡಿದಂತಾಗಿ "ಸ್ಸ್" ಎಂದೆ. ಊರಿಗೆಲ್ಲ ಅದು ಕೇಳಿತು. ಸ್ಸ್ ಅಂದರೆ ಯಾವ ಬೀದಿ ಎಂದು ಕೇಳಿಕೊಂಡು ಜನ ಕೊಡ ಹಿಡಿದು ಕಟ್ಟೆಯ ಬುಡಕ್ಕೇ ಬಂದರು. ಸಂತೇಪೇಟೆ ಎಂದು ಹೇಗೋ ಹೇಳಿ ಮುಗಿಸಿ, ಮೊದಲ ಬಾರಿಗೆ ಹೊತ್ತಿಗೆ ಮುಂಚೆ ಕಟ್ಟೆ ಇಳಿದು ಮನೆಗೆ ಓಡಿದೆ.

ಮನೆಯಲ್ಲಿ ಇರುವವರು ಮೂವರು. ನಾನು, ನನ್ನ ಗಂಡ ಹಾಲೇಶಪ್ಪ, ಮತ್ತೆ ಅತ್ತೆ ಗುರುಬಸಮ್ಮ. ಗಂಡ ಶಾಲೆಯಲ್ಲಿ ಡ್ರಿಲ್ ಮಾಸ್ತರು. ದಿನವಿಡೀ ಮಕ್ಕಳಿಗೆ "ಎಡ, ಬಲ" ಎಂದು ಪಿಸುಗುಟ್ಟಿ ಬರುವುದರಿಂದ ಮನೆಯಲ್ಲಿ ಮಾತೇ ಕಡಿಮೆ. ಅತ್ತೆಗೆ ವಯಸ್ಸಾಗಿದೆ. ನಮ್ಮಲ್ಲಿ ವಯಸ್ಸಾದಂತೆ ಕೂಗಿದ್ದು ಕೇಳಿಸುವುದಿಲ್ಲ, ಮೆಲ್ಲಗೆ ಆಡಿದ್ದು ಮಾತ್ರ ಕೇಳಿಸುತ್ತದೆ. ಹಾಗಾಗಿ ಅತ್ತೆಗೆ ಗುಟ್ಟು ಹೇಳುವ ಉಪಾಯವೇ ಇಲ್ಲ. ಅವರಿಗೆ ಕೇಳುವಂತೆ ಹೇಳಿದರೆ ಊರಿಗೂ ಹೇಳಿದಂತೆ. ನಾನೇನೂ ಹೇಳಲಿಲ್ಲ. ಆದರೆ ಹಿತ್ತಲಿನ ಬಾಗಿಲು ಮತ್ತೆಮತ್ತೆ ಬಡಿಯುವುದನ್ನು ನೋಡಿ ಅವರಿಗೇ ತಿಳಿಯಿತು. ಹತ್ತಿರ ಕೂರಿಸಿಕೊಂಡು ನನ್ನ ಕಿವಿಗೆ ಬಾಯಿಟ್ಟು ಕೂಗಿದರು. "ಉರಿಮೂತ್ರ ಏನೇ ನಿಂಗೆ. ಬಾರ್ಲಿ ಕುದಿಸಿ ಕೊಡ್ತೀನಿ, ಸುಮ್ನೆ ಕುಡಿ."

ಬಾರ್ಲಿ ನೀರು ಕುಡಿದೆ, ಜೀರಿಗೆ ಕಷಾಯ ಕುಡಿದೆ, ಎಳನೀರು ಕುಡಿದೆ. ಕುಡಿದಷ್ಟೂ ಹಿತ್ತಲಿಗೆ ಓಡಾಟ ಹೆಚ್ಚಾಯಿತೇ ಹೊರತು ಉರಿ ಇಳಿಯಲಿಲ್ಲ. ಮಾರನೆಯ ದಿನ ಮೂತ್ರದಲ್ಲಿ ಕೆಂಪು ಕಂಡಿತು. ಹೆದರಿಕೆಯಾಗಿ ಗಂಡನನ್ನು ಕೋಣೆಗೆ ಕರೆದು ಬಾಗಿಲು ಹಾಕಿ ಎಲ್ಲವನ್ನೂ ಕೂಗಿ ಹೇಳಿದೆ. ನಮ್ಮ ಊರಿನ ಡಾಕ್ಟರು ತೀರಿಕೊಂಡ ಮೇಲೆ ಬಂದ ಇಬ್ಬರೂ ರೋಗಿಗಳ ಕಿರುಚಾಟ ತಾಳದೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ದೊಡ್ಡಾಸ್ಪತ್ರೆ ಇರುವುದು ಬಸ್ಸಿನಲ್ಲಿ ಅರ್ಧ ದಿನದ ದಾರಿ.

"ಬಸ್ಸಿಗೆ ಹೋಗಾಣ ಏಳು" ಎಂದು ಅವರು ಕೂಗಿದರು.

"ಬಸ್ಸು ಎಲ್ಲೂ ನಿಲ್ಲಂಗಿಲ್ಲ. ನಾನು ಹೆಂಗೆ ಕುಂತ್ಕಳ್ಲಿ ಅಷ್ಟೊತ್ತು" ಎಂದು ನಾನೂ ಕೂಗಿದೆ.

ಅವರು ಜೇಬಿನಿಂದ ಫೋನು ತೆಗೆದರು. "ಈಗ ಫೋನಾಗೇ ಡಾಕ್ಟ್ರು ನೋಡ್ತಾರಂತೆ. ನಮ್ಮ ಹೆಡ್‌ಮಾಸ್ಟ್ರು ಕಣ್ಣು ಬೇನೆಗೆ ತೋರಿಸ್ಕಂಡ್ರು." ಏನು ತೊಂದರೆ ಎಂದು ಫೋನು ಕೇಳಿತು. ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಅವರು ಹೊಟ್ಟೆನೋವು ಎಂದು ಒತ್ತಿದರು.

ಮೊದಲು ಬಂದವರು ಒಬ್ಬ ಗಂಡು ಡಾಕ್ಟರು, ಇಸ್ತ್ರಿ ಮಾಡಿದ ಕಾಲರು, ಪಕ್ಕದಲ್ಲಿ ಕಾಫಿ ಲೋಟ. "ಹೇಳಿ" ಎಂದರು. ನಾನು ಉಸಿರು ತುಂಬಿಕೊಂಡು, ಮೂತ್ರಕ್ಕೆ ಹೋದರೆ ಉರಿಯುತ್ತದೆ ಎಂದು ಕೂಗಿದೆ. ಅವರು ಕಿವಿಯಿಂದ ಏನನ್ನೋ ಕಿತ್ತು ಹಾಕಿದರು. "ಮಾತು ಒಡೆದು ಬರ್ತಿದೆ, ಮೆಲ್ಲಗೆ ಹೇಳಿ" ಎಂದರು. ಮೆಲ್ಲಗೆ ಹೇಳುವುದು ಹೇಗೆ? ಇನ್ನೂ ಜೋರಾಗಿ ಕೂಗಿದೆ. ಅವರು ನನ್ನ ಕೆಂಪಾದ ಮುಖವನ್ನೂ ಉಬ್ಬಿದ ಕತ್ತಿನ ನರವನ್ನೂ ನೋಡಿ ಏನೋ ಬರೆದುಕೊಂಡರು. "ಗ್ಯಾಸ್ ಇದೆ ನಿಮಗೆ. ಟೆನ್ಷನ್ ಜಾಸ್ತಿ. ಸಿಟ್ಟು ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ, ಮನೆಯವರ ಮೇಲೆ ಹೀಗೆ ಕಿರುಚಬಾರದು" ಎಂದು ಹೇಳಿ ಹೊರಟುಹೋದರು. ಅವರು ಮಾತಾಡಿದ್ದು ಸಾಧಾರಣ ದನಿಯಲ್ಲಿ. ಆದ್ದರಿಂದ ಬೀದಿಗೆಲ್ಲ ಗ್ಯಾಸ್ ಎಂದು ಗೊತ್ತಾಗಿ, ಮೂಲೆಮನೆಯವರು ಒಂದು ಹಿಡಿ ಓಮ ತಂದುಕೊಟ್ಟರು. ನನ್ನ ಗಂಡನನ್ನು ನೋಡಿ "ಪಾಪ ಮಾಸ್ತ್ರು" ಎಂದೂ ಸಾಧಾರಣ ದನಿಯಲ್ಲೇ ಹೇಳಿ ಹೋದರು.

ಆ ದಿನ ಪೂರ್ತಿ ನಾನು ಹಿತ್ತಲಲ್ಲೇ ಇದ್ದೆ. ಪ್ರತಿ ಸಲವೂ ಕಣ್ಣಲ್ಲಿ ನೀರು ಬರುತ್ತಿತ್ತು. ಕೆಂಪು ಹೆಚ್ಚಾಗಿತ್ತು. ಪಿಸುಕಟ್ಟೆಯಲ್ಲಿ ನನ್ನ ಬದಲಿಗೆ ಕಂದಾಯದ ಗುಮಾಸ್ತರನ್ನು ಕೂರಿಸಿದ್ದರು. ಅವರಿಗೆ ಪಿಸುಗುಟ್ಟಲು ಬರುವುದಿಲ್ಲ, ಗೊಗ್ಗರು ದನಿ; ತೀರಿಕೊಂಡವರ ಹೆಸರು ಸರಿಯಾಗಿ ಕೇಳದೆ, ಜೀವಂತವಾಗಿದ್ದವರೊಬ್ಬರ ಮನೆಗೆ ಜನ ಹೂವಿನ ಹಾರ ತೆಗೆದುಕೊಂಡು ಹೋದರಂತೆ. ಇದನ್ನು ಕೇಳಿ ನಗು ಬಂತು, ನಕ್ಕರೆ ಕೆಳಗೆ ಚುಚ್ಚಿತು. ಗಂಡ ಎದುರಿಗೆ ಕೂತು, "ಇನ್ನೊಂದು ಸಲ ನೋಡಾಣ. ಈ ಸಲ ಹೆಣ್ಣು ಡಾಕ್ಟ್ರನ್ನೇ ಕೇಳ್ತೀನಿ, ಇರೋದನ್ನೇ ಒತ್ತುತೀನಿ" ಎಂದು ಕೂಗಿದರು. ಅವರ ಕಣ್ಣು ಕೂಡ ಒದ್ದೆಯಾಗಿದ್ದನ್ನು ನಾನು ನೋಡಿದೆ, ನೋಡದವಳಂತೆ ಇದ್ದೆ.

ಎರಡನೆಯ ಸಲ ಬಂದವರು ಡಾಕ್ಟರ್ ಲವೀನಾ ಪಿಂಟೊ. ಚಿಕ್ಕ ವಯಸ್ಸು, ದುಂಡು ಮುಖ, ಕರಾವಳಿಯ ಕಡೆಯ ಮಾತು. ಅವರ ಹಿಂದೆ ಗಾಜಿನ ಅಡ್ಡಗೋಡೆಗಳು, ಒಂದೊಂದರ ಹಿಂದೆ ಒಬ್ಬೊಬ್ಬ ಡಾಕ್ಟರು ಕಿವಿಗೆ ಹಾಕಿಕೊಂಡು ಯಾರೊಡನೆಯೋ ಮಾತಾಡುತ್ತಿದ್ದರು. ನಾನು ಕೂಗಿದೆ. ಅವರು ಒಮ್ಮೆ ಬೆಚ್ಚಿದರು, ಆದರೆ ಕಿವಿಯದನ್ನು ಕೀಳಲಿಲ್ಲ.

"ಅಮ್ಮ, ನಿಮಗೆ ಕಿವಿ ಕೇಳುದಿಲ್ವಾ?"

"ಕೇಳ್ತತಿ ಡಾಕ್ಟ್ರೇ. ನಮ್ಮೂರಾಗೆ ಕೂಗಿದ್ರೆ ಯಾರಿಗೂ ಕೇಳಲ್ಲ, ಮೆಲ್ಲಗೆ ಹೇಳಿದ್ರೆ ಊರಿಗೆಲ್ಲ ಕೇಳ್ತತಿ. ನೀವು ಮಾತಾಡಿದ್ದೂ ಹಂಗೇ. ಕಿವಿಗೆ ಹಾಕ್ಕಳೋದು ಹಾಕ್ಕಂಡ್ರೆ ಇನ್ನೂ ಕಷ್ಟ, ಅದರ ಸದ್ದು ತೀರ ಸಣ್ಣದು, ಕೆರೆ ದಾಟಿ ಹೋಗ್ತತಿ."

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ತಲೆಯ ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. "ಹಾಗಾ" ಎಂದರು. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕತ್ತು ಎತ್ತಿ, ಪೂರ್ತಿ ದನಿ ತೆಗೆದು ಕೂಗಿದರು. "ಉರಿ ಎಷ್ಟು ದಿನದಿಂದ ಉಂಟು?"

ನನಗೆ ಅಳು ಬಂತು. ಹೊರಗಿನವರೊಬ್ಬರು ನನಗಾಗಿ ಕೂಗಿದ್ದು ಅದೇ ಮೊದಲು.

ಆದರೆ ಅವರ ಊರು ನಮ್ಮ ಊರಿನಂಥದ್ದಲ್ಲ. ಅಲ್ಲಿ ಕೂಗಿದರೆ ಎಲ್ಲರಿಗೂ ಕೇಳುತ್ತದೆ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಅವರ ಹಿಂದಿನ ಅಡ್ಡಗೋಡೆಗಳ ಮೇಲಿಂದ ತಲೆಗಳು ಒಂದೊಂದಾಗಿ ಎದ್ದವು. "ಮೂತ್ರದಲ್ಲಿ ರಕ್ತ ಉಂಟಾ?" ಎಂದು ಅವರು ಕೂಗಿದರು. ಇನ್ನಷ್ಟು ತಲೆಗಳು ಎದ್ದವು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಮೇಲಧಿಕಾರಿ ಬಂದು ಅವರ ಪಕ್ಕ ನಿಂತ. ಮಾತು ಕಡಿಯಿತು, ತುಟಿಗಳಷ್ಟೇ ಅಲ್ಲಾಡಿದವು. ಆತ ಕೈ ಬೀಸಿ ಏನೋ ಹೇಳಿದ, ಡಾಕ್ಟರು ಏನೋ ಹೇಳಿದರು, ಆತ ತಲೆ ಅಲ್ಲಾಡಿಸಿ ಅಲ್ಲೇ ಕೈಕಟ್ಟಿ ನಿಂತ. ಮಾತು ಮತ್ತೆ ಬಂದಾಗ ಡಾಕ್ಟರ ಕಿವಿಗಳು ಕೆಂಪಾಗಿದ್ದವು. ಆದರೂ ಕೂಗಿಯೇ ಹೇಳಿದರು. "ಎಂಥ ಇಲ್ಲ ಅಮ್ಮ. ಇನ್ನೊಂದು ಸಲ ಕೂಗಿದ್ರೆ ನಾನು ಇವತ್ತೇ ಕೆಲಸ ಬಿಟ್ಟು ಮನೆಗೆ ಹೋಗ್ಲಿಕ್ಕೆ ಉಂಟಂತೆ. ನೀವು ಬೇಗ ಬೇಗ ಹೇಳಿ."

"ಬರೆದು ಕಳಿಸ್ಲೇನು?" ಎಂದು ನನ್ನ ಗಂಡ ಅಡ್ಡ ಬಾಯಿ ಹಾಕಿದರು.

"ಮಾತಾಡದೆ ಹೊಸ ಪೇಷಂಟಿಗೆ ಮಾತ್ರೆ ಬರೀಲಿಕ್ಕೆ ಇಲ್ಲ. ಕೇಳ್ಲೇಬೇಕು." ಮೇಲಧಿಕಾರಿ ಅವರ ಕುರ್ಚಿಯ ಬೆನ್ನಿಗೆ ಕೈ ಹಾಕಿದ.

ನಾನು ಫೋನಿನಲ್ಲಿದ್ದ ಆ ದುಂಡು ಮುಖವನ್ನು ನೋಡಿದೆ. ನನ್ನ ಪರಿಚಯವಿಲ್ಲ, ನನ್ನ ಊರು ಕಂಡಿಲ್ಲ. ನನ್ನ ಮಾನ ಉಳಿಸಲು ಅವರು ತಮ್ಮ ಕಡೆ ಎಲ್ಲರ ಎದುರು ಕಿರುಚಿ, ಬೈಸಿಕೊಂಡು, ಇನ್ನೂ ಕಿರುಚಲು ಸಿದ್ಧವಾಗಿ ಕೂತಿದ್ದರು. ಮಾನ ಎಂದರೆ ನನ್ನೊಬ್ಬಳದೇ ಏನು? ನನ್ನ ಗಂಡನಿಗೆ ನಾನು ಏನು ಮಾಡಲು ಹೊರಟಿದ್ದೇನೆ ಎಂದು ಅರ್ಥವಾಯಿತು. ಅವರು ಎದ್ದು ಹೋಗಿ ಕಿಟಕಿ ಮುಚ್ಚಿದರು. ನಮ್ಮ ಊರಿನಲ್ಲಿ ಕಿಟಕಿ ಮುಚ್ಚಿ ಏನೂ ಉಪಯೋಗವಿಲ್ಲ. "ಬ್ಯಾಡ ನೀಲಾ" ಎಂದು ಕೂಗಿದರು.

ನಾನು ಫೋನನ್ನು ಹತ್ತಿರ ಹಿಡಿದು, ಕಟ್ಟೆಯ ಮೇಲೆ ಕೂತಾಗ ತೆಗೆಯುವ ಅದೇ ದನಿಯಲ್ಲಿ ಹೇಳಿದೆ. "ಡಾಕ್ಟ್ರೇ, ಮೆಲ್ಲಗೇ ಮಾತಾಡ್ರಿ. ನಾನೂ ಮೆಲ್ಲಗೆ ಹೇಳ್ತೀನಿ."

ಆ ಕ್ಷಣಕ್ಕೆ ಹೊರಗಿನ ಕಮ್ಮಾರಸಾಲೆಯ ಸುತ್ತಿಗೆ ನಿಂತಿತು. ಅಕ್ಕಿ ಗಿರಣಿ ನಿಂತಿತು. ಎರಡು ದಿನದಿಂದ ನನ್ನ ದನಿ ಕೇಳದಿದ್ದ ಊರು, ನೀಲಮ್ಮ ಸುದ್ದಿ ಹೇಳುತ್ತಾಳೆಂದು ಕಿವಿಗೊಟ್ಟಿತು.

"ನಿಮ್ಮ ಊರು ಕೇಳ್ತದಲ್ಲ ಅಮ್ಮ" ಎಂದರು ಡಾಕ್ಟರು, ತುಂಬ ಮೆಲ್ಲಗೆ.

"ಕೇಳ್ಲಿ ಬಿಡ್ರಿ."

ಹಾಗೆ ಶುರುವಾಯಿತು. ಎಷ್ಟು ದಿನದಿಂದ ಉರಿ, ಎಷ್ಟೆಷ್ಟು ಹೊತ್ತಿಗೆ ಹೋಗಬೇಕೆನಿಸುತ್ತದೆ, ಹೋದ ಮೇಲೂ ಉಳಿದಂತೆ ಅನಿಸುತ್ತದೆಯೇ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. "ಚಳಿಜ್ವರ ಉಂಟಾ? ಬೆನ್ನಿನ ಬದಿಯಲ್ಲಿ, ಪಕ್ಕೆಲುಬಿನ ಕೆಳಗೆ ನೋವು ಉಂಟಾ? ವಾಂತಿ?" ಇಲ್ಲ ಎಂದೆ. "ಸಕ್ಕರೆ ಕಾಯಿಲೆ?" ಇಲ್ಲ. "ಯಾವುದಾದ್ರೂ ಮಾತ್ರೆ ಆಗಿಬರುದಿಲ್ಲ ಅಂತ ಉಂಟಾ?" ಹಿಂದೊಮ್ಮೆ ಸಲ್ಫಾ ಮಾತ್ರೆ ನುಂಗಿ ಮೈತುಂಬ ದದ್ದು ಎದ್ದದ್ದನ್ನು ಹೇಳಿದೆ. "ಗಂಡನ ಜೊತೆ ಸೇರಿದ ಮೇಲೆ ಉರಿ ಶುರುವಾದದ್ದಾ?"

ನನ್ನ ಗಂಡ ಹೆಗಲ ಮೇಲಿದ್ದ ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡರು. ನಾಳೆ ಶಾಲೆಯ ಮೈದಾನದಲ್ಲಿ ಸಾಲಾಗಿ ನಿಂತ ಮಕ್ಕಳ ಎದುರು ನಿಲ್ಲಬೇಕಾದವರು ಅವರು.

"ಅದಕ್ಕೆಲ್ಲಿ ಪುರಸೊತ್ತು ಡಾಕ್ಟ್ರೇ. ಅವರು ಉಂಡು ಏಳೋದ್ರಾಗೆ ನಂಗೆ ನಿದ್ದೆ."

ಊರಿನ ನಾಲ್ಕೂ ಕಡೆಯಿಂದ ನಗು ಕೇಳಿಸಿತು. ಬಾಯಿ ಬಿಟ್ಟು ನಕ್ಕಿದ್ದರೆ ನನಗೆ ಕೇಳಿಸುತ್ತಿರಲಿಲ್ಲ. ಸೆರಗು ಅಡ್ಡ ಹಿಡಿದು, ತುಟಿ ಕಚ್ಚಿ ತಡೆದುಕೊಂಡ ನಗು, ಹಾಗಾಗಿ ಒಂದೊಂದೂ ಸ್ಪಷ್ಟವಾಗಿ ಕೇಳಿಸಿತು.

ಡಾಕ್ಟರಿಗೂ ಕೇಳಿಸಿತೋ ಏನೋ, ಅವರೂ ಸ್ವಲ್ಪ ನಕ್ಕರು. ಆಮೇಲೆ, "ದಿನಕ್ಕೆ ನೀರು ಎಷ್ಟು ಕುಡೀತೀರಿ?" ಎಂದು ಕೇಳಿದರು.

"ಬೆಳಿಗ್ಗೆ ಅರ್ಧ ಲೋಟ. ಆಮ್ಯಾಲೆ ಮನೀಗೆ ಬಂದು ಕುಡಿತೀನಿ."

"ಮಧ್ಯದಲ್ಲಿ?"

"ಇಲ್ಲ."

"ಈ ಬಿಸಿಲಲ್ಲಿ? ಯಾಕೆ?"

"ಕುಡಿದ್ರೆ ಹೋಗ್ಬೇಕಾಗ್ತತಿ. ಹೋಗಾಕೆ ಜಾಗ ಇಲ್ಲ."

"ನಿಮ್ಮ ಕೆಲಸದ ಜಾಗದಲ್ಲಿ ಟಾಯ್ಲೆಟ್ ಇಲ್ವಾ?"

"ಗಂಡಸ್ರಿಗೆ ಗೋಡೆ ಐತಿ ಡಾಕ್ಟ್ರೇ."

ಈಗ ಯಾರೂ ನಗಲಿಲ್ಲ. "ಮೇಲಿನವರಿಗೆ ಹೇಳ್ಲಿಲ್ವಾ?" ಎಂದರು ಡಾಕ್ಟರು. "ಅಧ್ಯಕ್ಷ್ರಿಗೆ ಹೇಳಿದ್ದೆ. ಭಾಳ ವರ್ಷದ ಹಿಂದೆ, ಗುಟ್ಟಾಗಿ" ಎಂದೆ. "ಗುಟ್ಟು ಮಾಡುವಂಥದ್ದು ಎಂಥ ಉಂಟು ಮಾರಾಯ್ರೆ ಅದ್ರಲ್ಲಿ" ಎಂದು ಅವರು ನಿಟ್ಟುಸಿರು ಬಿಟ್ಟು, ನನಗೆ ಬಂದಿರುವುದು ಮೂತ್ರದ ಸೋಂಕು ಎಂದೂ, ಬಹಳ ಹೆಂಗಸರಿಗೆ ಬರುತ್ತದೆ ಎಂದೂ, ಬಿಟ್ಟರೆ ಮೂತ್ರಪಿಂಡಕ್ಕೆ ಏರಬಹುದು ಎಂದೂ ಹೇಳಿದರು. ಮೊದಲು ಶುದ್ಧವಾದ ಶೀಸೆಯಲ್ಲಿ ಮೂತ್ರ ಹಿಡಿದು ಪರೀಕ್ಷೆಗೆ ಕೊಡಬೇಕು, ಆಮೇಲೆ ಮಾತ್ರೆ ಶುರುಮಾಡಬೇಕು ಎಂದು ಮಾತ್ರೆಯ ಹೆಸರನ್ನೂ ಹೇಳಿದರು. ಉರಿ ಇಳಿಯಿತೆಂದು ಅರ್ಧಕ್ಕೆ ನಿಲ್ಲಿಸಬಾರದು. ನಡುಕ ಬಂದು ಜ್ವರ ಏರಿದರೆ, ಬೆನ್ನಿನ ಬದಿ ನೋವು ಬಂದರೆ ಫೋನು ಹುಡುಕದೆ ನೇರ ಆಸ್ಪತ್ರೆಗೆ ಹೋಗಬೇಕು. "ಮತ್ತೆ ಹಿಡ್ಕೊಂಡು ಕೂರ್ಲಿಕ್ಕೆ ಇಲ್ಲ. ಬಂದಾಗ ಹೋಗ್ಬೇಕು" ಎಂದು ಕೊನೆಗೆ ಹೇಳಿ, ಫೋನಿಗೇ ಚೀಟಿ ಕಳಿಸಿದರು. ಮೇಲಧಿಕಾರಿ ಆಗಲೇ ಹೊರಟುಹೋಗಿದ್ದ.

ಫೋನು ಆರಿದ ಮೇಲೆ ಏನೂ ಕೇಳಿಸಲಿಲ್ಲ. ಊರು ಒಂದು ಪಿಸುಮಾತನ್ನೂ ಆಡಲಿಲ್ಲ. ಗಂಡ ಮುಚ್ಚಿದ್ದ ಕಿಟಕಿಯನ್ನು ತೆರೆದು ನೋಡಿದೆ. ಬೀದಿಯ ಉದ್ದಕ್ಕೂ ಜನ ಇಬ್ಬಿಬ್ಬರಾಗಿ ನಿಂತಿದ್ದರು, ಎಲ್ಲರ ಬಾಯಿಯೂ ಅಗಲವಾಗಿ ತೆರೆದಿತ್ತು. ಗಂಟಲ ನರ ಉಬ್ಬಿಸಿಕೊಂಡು ನನ್ನ ವಿಷಯವನ್ನೇ ಒಬ್ಬರಿಗೊಬ್ಬರು ಗುಟ್ಟಾಗಿ ಹೇಳಿಕೊಳ್ಳುತ್ತಿದ್ದರು. ನಾನು ಕಂಡ ಕೂಡಲೇ ಅಷ್ಟೂ ಬಾಯಿಗಳು ಮುಚ್ಚಿಕೊಂಡವು. ಅಷ್ಟು ದಿನ ಜತನ ಮಾಡಿದ ದನಿ ಇವತ್ತಿಗೆ ಮುಗಿಯಿತು, ನಾಳೆ ನಾನು ನೀರಿನ ಸುದ್ದಿ ಹೇಳಿದರೂ ಜನಕ್ಕೆ ಬೇರೆಯೇ ನೀರು ನೆನಪಾಗುತ್ತದೆ ಎಂದುಕೊಂಡೆ. ಗಂಡ ಪಕ್ಕಕ್ಕೆ ಬಂದು ನಿಂತರು. ಟವೆಲ್ಲು ಇನ್ನೂ ತಲೆಯ ಮೇಲೇ ಇತ್ತು.

ಬಾಗಿಲು ಬಡಿದ ಸದ್ದಾಯಿತು. ಮೆಡಿಕಲ್ ಶಾಪಿನ ಅಜೀಜ್ ಸಾಬರು ಓಡಿಬಂದು ಏದುಸಿರು ಬಿಡುತ್ತಿದ್ದರು. ಒಂದು ಕೈಯಲ್ಲಿ ಮುಚ್ಚಳದ ಶೀಸೆ, ಇನ್ನೊಂದರಲ್ಲಿ ಮಾತ್ರೆಯ ಪೊಟ್ಟಣ. ನನ್ನ ಮುಖ ನೋಡದೆ ಹೊಸ್ತಿಲಿಗೆ ಹೇಳಿದಂತೆ ಹೇಳಿದರು. "ಕೇಳಿಸ್ತು ತಾಯಿ. ಮೊದ್ಲು ಶೀಸೆ, ಆಮೇಲೆ ಮಾತ್ರೆ. ಚೀಟಿ ಒಂದ್ಸಲ ತೋರಿಸ್ಬಿಡಿ, ಸಲ್ಫಾ ಅಲ್ಲ ತಾನೇ ನೋಡ್ಕೋತೀನಿ. ಶೀಸೆ ಸಾಯಂಕಾಲದ ಬಸ್ಸಿಗೆ ನಾನೇ ಕಳಿಸ್ತೀನಿ." ಗಂಡನ ಫೋನಿನಲ್ಲಿ ಚೀಟಿ ನೋಡಿ, ಪೊಟ್ಟಣದೊಡನೆ ಹೋಲಿಸಿ, ಶೀಸೆ ತುಂಬಿ ಬರುವ ತನಕ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದು, ತಮ್ಮ ಟೋಪಿಯಷ್ಟೇ ಜೋಪಾನವಾಗಿ ಅದನ್ನು ಹಿಡಿದುಕೊಂಡು ಹೋದರು.

ಅತ್ತೆ ಆ ತನಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾವು ಎರಡು ದಿನದಿಂದ ಕೂಗಾಡಿದ್ದು ಅವರಿಗೆ ಒಂದೂ ಕೇಳಿರಲಿಲ್ಲ. ಡಾಕ್ಟರ ಜೊತೆ ಮೆಲ್ಲಗೆ ಆಡಿದ್ದು ಪೂರ್ತಿ ಕೇಳಿತ್ತು. ನಿಧಾನವಾಗಿ ಬಂದು ಜಗಲಿಯ ಮೇಲೆ ಕೂತರು. ಗುಟ್ಟಿನ ಮಾತು ಹೇಳಬೇಕಾದರೆ ನನ್ನ ಕಿವಿಗೆ ಬಾಯಿಟ್ಟು ಕೂಗುವವರು, ಈಗ ಬೀದಿಯನ್ನೇ ನೋಡುತ್ತ ಪಿಸುಗುಟ್ಟಿದರು.

"ನಾನು ಸಂತ್ಯಾಗೆ ಮೆಣಸಿನಕಾಯಿ ಮಾರಾಕೆ ಕುಂದ್ರತಿದ್ದೆ. ಬೆಳಿಗ್ಗಿಂದ ಸಂಜಿ ತನಕ ಹಿಡ್ಕಂಡು. ವರ್ಷಕ್ಕೆ ಎರಡ್ಮೂರು ಸಲ ಹಿಂಗೇ ಉರಿ ಬರ್ತಿತ್ತು. ನಿಮ್ಮ ಮಾವಗೂ ಹೇಳಿರ್ಲಿಲ್ಲ."

ನಾನು ಗಾಬರಿಯಾಗಿ ಅವರ ಕೈ ಹಿಡಿದೆ. ಮುಪ್ಪಿನಲ್ಲಿ ಮರೆತು ಮೆಲ್ಲಗೆ ಆಡಿದರೋ ಎಂದು ನೋಡಿದರೆ, ಅವರು ಗಲ್ಲ ಎತ್ತಿ ಬೀದಿಯ ಕಡೆಗೇ ನೋಡುತ್ತಿದ್ದರು. ಮರೆತಿರಲಿಲ್ಲ.

ಆಮೇಲೆ ಕೋಟೆ ಬೀದಿಯ ಕಡೆಯಿಂದ ಒಂದು ತೆಳ್ಳನೆಯ ದನಿ ಬಂತು. "ನಂಗೂ ಆಗಿತ್ತು, ಬೀಡಿ ಕಟ್ಟಾಕೆ ಹೋಗ್ತಿದ್ದಾಗ." ಸಂತೇಪೇಟೆಯಿಂದ ಇನ್ನೊಂದು, ಶಾಲೆಯ ಮೇಡಂ ಒಬ್ಬರದು: "ಶಾಲೇಲಿ ನಮ್ಮ ಟಾಯ್ಲೆಟ್ಟಿಗೆ ಬೀಗ ಹಾಕಿರ್ತಾರೆ, ಮಕ್ಕಳಿಗೂ ಇದೇ ಕಷ್ಟ." ಬಸ್‌ಸ್ಟ್ಯಾಂಡಿನಿಂದ ಹೂ ಮಾರುವವರ ದನಿ. ಇಟ್ಟಿಗೆ ಗೂಡಿನಿಂದ, ಕೆರೆಯಾಚೆಯಿಂದ. ಬಾವಿಕಟ್ಟೆಯ ಹತ್ತಿರ ಒಬ್ಬ ಹುಡುಗಿ ಬರೀ "ನಂಗೆ ಈಗ ಐತಿ" ಎಂದಳು. ನನ್ನ ಒಬ್ಬಳ ಪಿಸುಮಾತಷ್ಟೇ ಕೇಳಿ ಅಭ್ಯಾಸವಿದ್ದ ಊರಿನ ತುಂಬ ಹೆಂಗಸರ ಪಿಸುಮಾತು ಹರಿಯಿತು. ಗಂಡಸರು ಚಾವಡಿಯಲ್ಲಿ, ಚಹಾದಂಗಡಿಯಲ್ಲಿ ನೆಲ ನೋಡುತ್ತ ಕೂತಿದ್ದರಂತೆ. ನನ್ನ ಗಂಡ ತಲೆಯ ಮೇಲಿನ ಟವೆಲ್ಲು ತೆಗೆದು ಮಡಿಸಿ ಪಕ್ಕಕ್ಕಿಟ್ಟರು. ಫೋನು ಹಿಡಿದುಕೊಂಡು ಬಾವಿಕಟ್ಟೆಯ ಕಡೆ ನಡೆದರು, ಆ ಹುಡುಗಿಯ ಮನೆಯವರಿಗೆ ಡಾಕ್ಟರನ್ನು ಕರೆಯುವುದು ಹೇಗೆಂದು ತೋರಿಸಲು.

ಎರಡು ದಿನಕ್ಕೆ ಉರಿ ಇಳಿಯಿತು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಡಾಕ್ಟರ್ ಲವೀನಾ ಮತ್ತೆ ಕಾಣಿಸಿಕೊಂಡು ಅದೇ ಮಾತ್ರೆ ಸಾಕು ಎಂದರು. ಈ ಸಲ ಅವರ ಹಿಂದೆ ಅಡ್ಡಗೋಡೆಗಳಿರಲಿಲ್ಲ, ಬಾಗಿಲಿದ್ದ ಕೋಣೆಯಿತ್ತು. "ನಿಮ್ಮ ಊರಿಂದ ಈಗ ದಿನಾ ಕರೆ ಬರ್ತದೆ ಅಮ್ಮ. ಬೇರೆ ಡಾಕ್ಟ್ರುಗಳು ಆಗುದಿಲ್ಲ ಅಂದ್ರು. ಅದಕ್ಕೆ ನನಗೆ ರೂಮು ಕೊಟ್ಟಿದ್ದಾರೆ, ಎಷ್ಟು ಬೇಕಾದ್ರೂ ಕೂಗು ಅಂತ" ಎಂದು ಕೂಗಿದರು. ಮಾತ್ರೆ ಪೂರ್ತಿ ಮುಗಿಸಿದಿರಾ ಎಂದು ಎರಡೆರಡು ಸಲ ಕೇಳಿದರು.

ನಾನು ಕೆಲಸಕ್ಕೆ ಮರಳಿದ ಬೆಳಿಗ್ಗೆ ಬಕ್ಕಪ್ಪನವರು ಪಿಸುಕಟ್ಟೆಗೆ ಬಂದರು. ಅವರು ಕಟ್ಟೆಗೆ ಬಂದದ್ದೇ ಅಪರೂಪ. ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ ಕೂಗಿದರು. "ಕಟ್ಟಿಸಿ ಕೊಡ್ತೀನಿ ಕಣಮ್ಮ. ಇಲ್ಲಿ ಒಂದು, ಸಂತ್ಯಾಗೆ ಒಂದು, ಬಸ್‌ಸ್ಟ್ಯಾಂಡಿಗೆ ಒಂದು. ಶಾಲೇದು ಬೀಗ ತೆಗಿಸ್ತೀನಿ. ಇನ್ನು ಆ ಮಾತು ಎತ್ತಬ್ಯಾಡ."

"ಮೆಲ್ಲಗೆ ಹೇಳ್ರಿ ಸಾರ್" ಎಂದು ನಾನು ಕೂಗಿದೆ.

"ನಿಂಗೆ ಕೇಳಿಸ್ತಲ್ಲ."

"ನಂಗೆ ಕೇಳಿಸ್ತು. ಮೆಲ್ಲಗೆ ಹೇಳ್ರಿ."

ಅವರು ನನ್ನನ್ನು ನೋಡಿದರು, ಟ್ಯಾಂಕನ್ನು ನೋಡಿದರು, ಟ್ಯಾಂಕಿನ ಹಿಂದಿನ ಗೋಡೆಯನ್ನು ನೋಡಿದರು. ನಾನು ಸರಿದು ಕಟ್ಟೆಯ ಮೇಲೆ ಅವರಿಗೆ ಜಾಗ ಬಿಟ್ಟೆ. ಅವರು ಪಂಚೆ ಎತ್ತಿಕೊಂಡು ಹತ್ತಿ ಕೂತು, ಗಂಟಲು ಸರಿಮಾಡಿಕೊಂಡು, ಮೊದಲ ಸಲ ನಾಟಕಕ್ಕೆ ನಿಂತವರಂತೆ ಬೆವರುತ್ತ, ಅಷ್ಟನ್ನೂ ಪಿಸುಗುಟ್ಟಿದರು. ಶಾಲೆಯ ಬೀಗದ ಮಾತು ಬಿಟ್ಟಿದ್ದರು, ನಾನು ಮೊಣಕೈ ತಿವಿದ ಮೇಲೆ ಅದನ್ನೂ ಹೇಳಿದರು.

ಮಳೆಗಾಲಕ್ಕೆ ಮುಂಚೆ ಕಟ್ಟೆಯ ಪಕ್ಕದ್ದು ಮುಗಿಯಿತು. ಬಿಳಿ ಟೈಲ್ಸು, ಒಳಗಿನಿಂದ ಚಿಲಕ, ನಲ್ಲಿಯಲ್ಲಿ ನೀರು. ಉದ್ಘಾಟನೆಯ ದಿನ ಬಾಗಿಲಿಗೆ ಅಡ್ಡಲಾಗಿ ರಿಬ್ಬನ್ ಕಟ್ಟಿದ್ದರು. ಊರೆಲ್ಲ ಸೇರಿತ್ತು. ನನ್ನ ಗಂಡ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು, ಅತ್ತೆ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಪಿಸುಗುಟ್ಟುವುದರ ರುಚಿ ಹತ್ತಿದ್ದ ಬಕ್ಕಪ್ಪನವರು ಕತ್ತರಿ ಹಿಡಿದುಕೊಂಡು ಭಾಷಣ ಶುರುಮಾಡಿದರು. ಪುರಸಭೆ ಶುರುವಾದಾಗಿನಿಂದ ಹಿಡಿದು, ತಮ್ಮ ತಾತನ ಕಾಲದ ಕೆರೆ ಹೂಳೆತ್ತಿದ್ದಕ್ಕೆ ಬಂದು, ಅಲ್ಲಿಂದ ಬೀದಿ ದೀಪಕ್ಕೆ ಹೊರಳಿದರು. ನಾನು ಅವತ್ತು ಬೆಳಿಗ್ಗೆ ಎರಡು ಲೋಟ ನೀರು ಕುಡಿದು ಬಂದಿದ್ದೆ. ಬಿಸಿಲು ಏರಿತು, ಮತ್ತೊಂದು ಲೋಟ ಕುಡಿದೆ. ಬೀದಿ ದೀಪ ಮುಗಿದು ಚರಂಡಿಗೆ ಬಂದಾಗ ನನಗೆ ಇನ್ನು ಆಗುವುದಿಲ್ಲ ಎನಿಸಿತು. ಡಾಕ್ಟರು ಬಂದಾಗ ಹೋಗಬೇಕು ಎಂದಿದ್ದರು. ಎದ್ದು, ಅಧ್ಯಕ್ಷರ ಪಕ್ಕದಿಂದ ಹಾದು, ರಿಬ್ಬನ್ನನ್ನು ಒಂದು ಕೈಯಲ್ಲಿ ಎತ್ತಿ ಅದರ ಕೆಳಗಿನಿಂದ ನುಸುಳಿ ಒಳಗೆ ಹೋದೆ. ಚಿಲಕ ಹಾಕಿಕೊಂಡೆ.

ಉರಿ ಇರಲಿಲ್ಲ. ಏನೂ ಅವಸರವಿರಲಿಲ್ಲ. ನನಗರಿವಿಲ್ಲದೆಯೇ "ಅಬ್ಬ" ಎಂದು ಬಾಯಿಂದ ಮೆಲ್ಲಗೆ ಬಂತು.

ಹೊರಗೆ ಚರಂಡಿಯ ಮಾತು ಅರ್ಧಕ್ಕೆ ನಿಂತಿತು. ಆಮೇಲೆ ಊರಿನ ಎಲ್ಲ ದಿಕ್ಕಿನಿಂದ, ಸೆರಗು ಬಾಯಿಗೆ ಒತ್ತಿಕೊಂಡ ನಗು ಶುರುವಾಗಿ ನನ್ನ ತನಕ ಬಂತು. ಅದರಲ್ಲಿ ಅತ್ತೆಯದು ಯಾವುದು, ಹೂ ಮಾರುವವರದು ಯಾವುದು ಎಂದು ಗುರುತು ಹಿಡಿಯುತ್ತ ನಾನು ಒಳಗೆ ಸಾವಕಾಶವಾಗಿ ಕೂತೆ.